ಸೊಪ್ಪಿನ ಬೆಟ್ಟದ ತೇವಾಂಶ ನಕ್ಷೆ: ಒಂದು ಡ್ರೋನ್ ಸೇವೆಯ ವಿಮರ್ಶೆ

ಶಿರಸಿ ಸೀಮೆಯ ನಮ್ಮ ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟದಲ್ಲಿ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು) ಇಂಗುಗುಂಡಿಗಳನ್ನು ಎಲ್ಲಿ ತೆಗೆಯಬೇಕೆಂದು ತಿಳಿಯಲು, ಕಳೆದ ಫೆಬ್ರುವರಿಯಲ್ಲಿ ಖಾಸಗಿ ಸಂಸ್ಥೆಯೊಂದರಿಂದ ಡ್ರೋನ್ ಮೂಲಕ ಮಣ್ಣಿನ ತೇವಾಂಶದ ನಕ್ಷೆ ಮಾಡಿಸಿದೆವು. ಮಣ್ಣಿನ ತೇವಾಂಶ ಅಳೆಯಲೆಂದು ನಾಸಾ 2015ರಲ್ಲಿ ಹಾರಿಸಿದ ಸ್ಮ್ಯಾಪ್ ಉಪಗ್ರಹದ ರೇಡಿಯೋಮೀಟರಿಗೆ (ನೆಲ ಹೊರಸೂಸುವ ಸೂಕ್ಷ್ಮತರಂಗಗಳನ್ನು ಅಳೆಯುವ ಉಪಕರಣ) ಸುಮಾರು 36 ಕಿಲೋಮೀಟರ್ ಅಗಲದ ನೆಲವೆಲ್ಲ ಒಂದೇ ಚೌಕ. ನಮ್ಮ ಒಂದು ಇಳಿಜಾರಿನ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವಂತಿರಲಿಲ್ಲ.

ಬಯಲಾದ ಹುಲ್ಲುನೆಲದಲ್ಲಿ ಈ ಸೇವೆ ನಿಜಕ್ಕೂ ಉತ್ತಮವಾಗಿದೆ. ಒದ್ದೆ ಮಣ್ಣು ಬಿಸಿಲಿಗೆ ನಿಧಾನವಾಗಿ ಕಾಯುತ್ತದೆ ಎಂಬ ತತ್ತ್ವದ ಮೇಲೆ ಉಷ್ಣ ಕ್ಯಾಮೆರಾ ಗುರುತಿಸಿದ ತಂಪು ಪಟ್ಟಿಯೊಂದು, ಹಿರಿಯರು ಹೇಳುತ್ತಿದ್ದ ಹಳೆಯ ಒರತೆಯ ಜಾಡಿಗೆ ಸರಿಯಾಗಿ ಹೊಂದಿತು. ಅದನ್ನು ಕಂಡು ನಮಗಾದ ಸಂತೋಷ ಸಣ್ಣದಲ್ಲ.

ಆದರೆ ಮರಗಳ ಕೆಳಗಿನ ನಕ್ಷೆಯನ್ನು ನಾನು ಒಪ್ಪಲಾರೆ. ಅಲ್ಲಿ ಕ್ಯಾಮೆರಾ ಅಳೆದದ್ದು ಎಲೆಯ ಉಷ್ಣತೆಯನ್ನೇ ಹೊರತು ಮಣ್ಣಿನದನ್ನಲ್ಲ. ಹೀಗಿದ್ದೂ ವರದಿಯಲ್ಲಿ ಎರಡಕ್ಕೂ ಒಂದೇ ಬಣ್ಣದ ಅಳತೆಪಟ್ಟಿ ಬಳಸಲಾಗಿತ್ತು. ನೆಲದ ಮಾದರಿಗಳನ್ನು ಮೂರೇ ಕಡೆ, ಅದೂ ಬಯಲಿನಲ್ಲಿ ಮಾತ್ರ ತೆಗೆದಿದ್ದರು. ನಾವೇ ಮರದಡಿಯ ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಮತ್ತೆ ತೂಗಿದಾಗ, ನಕ್ಷೆ ಒಣನೆಲವೆಂದು ತೋರಿಸಿದ ಎರಡು ಜಾಗಗಳಲ್ಲಿ ಸಾಕಷ್ಟು ತೇವವಿತ್ತು. ಈ ಸೇವೆ ಪಡೆಯುವವರು ಮಾದರಿಗಳ ಸಂಖ್ಯೆ ಮತ್ತು ಜಾಗಗಳನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.