ಶ್ರುತಿಗೆ ಬಾಕ್ಸಾ, ಫೋನಾ? ಮಡಿಕೇರಿ ಮಳೆಯಲ್ಲಿ ಎರಡನ್ನೂ ಇಟ್ಟು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಾಡುವವರಿಗೆ ಆಧಾರ ಸ್ವರವನ್ನು ಒಂದೇ ಸಮ ನುಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ, ಅಂದರೆ ಶ್ರುತಿ ಬಾಕ್ಸ್‌ಗೆ. ಈಚೆಗೆ ನನ್ನ ಹತ್ತಿರ ಸಂಗೀತ ಪಾಠಕ್ಕೆ ಸೇರುವ ಮಕ್ಕಳ ಅಪ್ಪ ಅಮ್ಮ ಎಲ್ಲರೂ ಒಂದೇ ಮಾತು ಕೇಳುತ್ತಾರೆ: "ಮಿಸ್, ಫೋನಲ್ಲೇ ಫ್ರೀಯಾಗಿ ತಂಬೂರಿ ಬರುತ್ತಲ್ವಾ? ಬಾಕ್ಸ್ ಯಾಕೆ ತಗೊಳ್ಬೇಕು?" ಕೇಳುವುದರಲ್ಲಿ ತಪ್ಪಿಲ್ಲ. ಐದು ಸಾವಿರದ ಹತ್ತಿರ ಹತ್ತಿರ ಕೊಡಬೇಕು ಅಂದರೆ ಯಾರಾದರೂ ಕೇಳುವ ಪ್ರಶ್ನೆಯೇ. ಪ್ರತಿಯೊಬ್ಬರಿಗೂ ಬಾಗಿಲಲ್ಲಿ ನಿಂತು ಉತ್ತರ ಹೇಳುವ ಬದಲು ಒಂದು ಸಲ ಬರೆದಿಡೋಣ ಅನಿಸಿತು.

ನನಗೆ ಈ ಹೋಲಿಕೆ ಮಾಡುವ ಅವಕಾಶ ತಾನಾಗಿಯೇ ಬಂತು. ನನ್ನ ಬಾಕ್ಸ್‌ನ ಶ್ರುತಿ ತಿರುಗಿಸುವ ನಾಬ್ ಕರಕರ ಅನ್ನಲು ಶುರುವಾಗಿ, ಕೊನೆಗೆ ಒಂದು ಜಾಗದಲ್ಲಿ ನಿಲ್ಲುವುದನ್ನೇ ಬಿಟ್ಟಿತು. ಅದನ್ನು ಮೈಸೂರಿಗೆ ರಿಪೇರಿಗೆ ಕಳಿಸಿದೆ. ಅಷ್ಟರಲ್ಲಿ ಜೂನ್ ಬಂತು. ಪಾಠ ನಿಲ್ಲಿಸುವಂತಿರಲಿಲ್ಲ. ಫೋನಿಗೆ ತಂಬೂರಿ ಆ್ಯಪ್ ಹಾಕಿಕೊಂಡು, ಜೊತೆಗೆ ಎರಡೂವರೆ ಸಾವಿರದ ಒಂದು ಬ್ಲೂಟೂತ್ ಸ್ಪೀಕರ್ ಕೊಂಡೆ. ಆಮೇಲೆ ಕಪಾಟಿನಲ್ಲಿ ಬಿದ್ದಿದ್ದ ಹಳೇ ಫೋನನ್ನೂ ಇಟ್ಟು ನೋಡಿದೆ. ಇಡೀ ಮಳೆಗಾಲ ಇವುಗಳ ಜೊತೆಯಲ್ಲೇ ಕಳೆಯಿತು.

ನಾದದ ವಿಷಯಕ್ಕೆ ಬಂದರೆ ಆ್ಯಪ್‌ನ ತಂಬೂರಿ ನನ್ನ ಬಾಕ್ಸ್‌ಗಿಂತ ಚೆನ್ನಾಗಿದೆ. ಇದನ್ನು ಒಪ್ಪಿಕೊಳ್ಳಲೇಬೇಕು. ಒಳ್ಳೆಯ ಆ್ಯಪ್‌ಗಳಲ್ಲಿ ನಿಜವಾದ ತಂಬೂರಿ ಮೀಟಿ ರೆಕಾರ್ಡ್ ಮಾಡಿದ ಧ್ವನಿ ಇರುತ್ತದೆ. ಇಯರ್‌ಫೋನ್ ಹಾಕಿ ಕೇಳಿದರೆ ತಂತಿಯ ಜೀರು ಕೂಡ ಕೇಳಿಸುತ್ತದೆ. ಮನೆ (ಶ್ರುತಿಯ ಎತ್ತರ ಹೇಳುವ ಅಳತೆ), ಅರ್ಧ ಮನೆ ಮಾತ್ರವಲ್ಲ, ನಡುವಿನ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲಿ ಸರಿಸಬಹುದು. ಷಡ್ಜದ (ಸ) ಜೊತೆ ಮೀಟುವ ಸ್ವರವನ್ನು ಪಂಚಮದಿಂದ (ಪ) ಮಧ್ಯಮಕ್ಕೆ (ಮ) ಬದಲಿಸುವುದೂ ಸುಲಭ. ನಾದನಾಮಕ್ರಿಯೆ, ಪುನ್ನಾಗವರಾಳಿ ರಾಗಗಳನ್ನು ಹೇಳಿಕೊಡುವಾಗ ಮಧ್ಯಮ ಶ್ರುತಿ ಬೇಕಾಗುತ್ತದಲ್ಲ, ಆಗ ಒಂದು ಬಟನ್ ಒತ್ತಿದರೆ ಆಯಿತು. ಆ್ಯಪಲ್ ಫೋನ್ ಇದ್ದವರಿಗೆ ಐತಬ್ಲಾ ಪ್ರೊ ಇದೆ, ದುಡ್ಡು ಕೊಡಬೇಕು. ಆಂಡ್ರಾಯ್ಡ್‌ನಲ್ಲಿ ಫ್ರೀ ಆ್ಯಪ್‌ಗಳೇ ಸಾಕಷ್ಟಿವೆ.

ಆದರೆ ಆ ಚಂದದ ನಾದ ಹೊರಗೆ ಬರುವುದು ಯಾವುದರಿಂದ? ಅಂಗೈಯಗಲದ ಸ್ಪೀಕರ್‌ನಿಂದ. ನನ್ನ ಶ್ರುತಿ ಐದೂವರೆ ಮನೆ. ಅದರ ಮಂದ್ರ ಷಡ್ಜ, ಅಂದರೆ ಕೆಳಗಿನ ಸ್ಥಾಯಿಯ ಸ, ಸುಮಾರು 104 ಹರ್ಟ್ಸ್. ಅಷ್ಟನ್ನು ಆ ಪುಟ್ಟ ಸ್ಪೀಕರ್ ಹೇಗೋ ನಿಭಾಯಿಸುತ್ತದೆ. ಒಂದು ಮನೆಗೆ ಹಾಡುವ ಗಂಡಸರಿಗೆ ಮಂದ್ರ ಷಡ್ಜ 65 ಹರ್ಟ್ಸ್ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಈ ಸ್ಪೀಕರ್ ಕೈ ಎತ್ತಿಬಿಡುತ್ತದೆ. ಮೇಲಿನ ಸ್ವರಗಳು ಕೇಳಿಸುತ್ತವೆ, ಆದರೆ ಕೆಳಗಿನ ಆಧಾರ ತೆಳ್ಳಗಾಗುತ್ತದೆ. ಹಾಡಿ ಅಭ್ಯಾಸ ಇದ್ದವರಿಗೆ ತೊಂದರೆ ಇಲ್ಲ, ಕಿವಿಯೇ ಅದನ್ನು ತುಂಬಿಕೊಳ್ಳುತ್ತದೆ. ಸರಳೆ ವರಸೆಯ, ಅಂದರೆ ಮೊದಲ ಪಾಠದ, ಮಕ್ಕಳು ಮಾತ್ರ ಷಡ್ಜ ಹಿಡಿಯಿರಿ ಅಂದರೆ ಪಂಚಮ ಹಿಡಿದುಕೊಂಡು ಕೂರುತ್ತಾರೆ.

ಇನ್ನು ಮಳೆ. ನಮ್ಮ ಮನೆಯಲ್ಲಿ ಪಾಠ ನಡೆಯುವುದು ಹಿಂದಿನ ಜಗಲಿಯಲ್ಲಿ, ಮೇಲೆ ಶೀಟ್. ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆ ಅದರ ಮೇಲೆ ಬೀಳುವಾಗ ಪಕ್ಕದವರ ಮಾತೇ ಕೇಳಿಸುವುದಿಲ್ಲ. ಸ್ಪೀಕರ್ ಜೋರು ಮಾಡಿದರೆ ನಾದ ಒಡೆಯುತ್ತದೆ. ಬಾಕ್ಸ್‌ನ ನಾದ ಅಷ್ಟೇನೂ ಇಂಪಲ್ಲ, ಸ್ವಲ್ಪ ಒರಟು. ಆದರೆ ಆ ಒರಟೇ ಮಳೆಯನ್ನು ಸೀಳಿಕೊಂಡು ಬರುತ್ತದೆ.

ಇಷ್ಟಾದರೂ ನಾನು ಹೊಂದಿಕೊಳ್ಳುತ್ತಿದ್ದೆನೋ ಏನೋ. ನನ್ನನ್ನು ಸೋಲಿಸಿದ್ದು ವಾಟ್ಸಾಪ್ ವಾಯ್ಸ್ ಮೆಸೇಜ್.

ಮಳೆಗಾಲದಲ್ಲಿ ಇಲ್ಲಿ ಪಾಠ ಹೇಗೆ ನಡೆಯುತ್ತದೆ ಅಂದರೆ, ಅರ್ಧ ಮಕ್ಕಳು ಬರುವುದಿಲ್ಲ. ಎಲ್ಲೋ ಮರ ಬಿದ್ದಿರುತ್ತದೆ, ಎಲ್ಲೋ ಬರೆ (ಗುಡ್ಡದ ಮಣ್ಣು) ಜಾರಿರುತ್ತದೆ. ನಾಪೋಕ್ಲು ಕಡೆಯ ಮಕ್ಕಳಿಗೆ ಹೊಳೆ ರಸ್ತೆಗೆ ಬಂದರೆ ಮುಗಿಯಿತು. ಬಾರದ ಮಕ್ಕಳಿಗೆ ಅವತ್ತಿನ ಪಾಠವನ್ನು ಎರಡು ಮೂರು ತುಂಡು ಮಾಡಿ, ಹಾಡಿ ಕಳಿಸುವುದು ನನ್ನ ರೂಢಿ. ಲೈವ್ ಕ್ಲಾಸಿಗೆ ಬೇಕಾದ ನೆಟ್‌ವರ್ಕ್ ಎಸ್ಟೇಟ್ ಮನೆಗಳಲ್ಲಿ ಸಿಗುವುದಿಲ್ಲ. ವಾಯ್ಸ್ ಮೆಸೇಜ್ ಆದರೆ ಸಿಗ್ನಲ್ ಬಂದಾಗ ಬಂದು ಸೇರುತ್ತದೆ. ಮಗು ನಾಲ್ಕು ಸಲ ಹಾಕಿ ಕೇಳುತ್ತದೆ, ತಾನೂ ಹಾಡಿ ಕಳಿಸುತ್ತದೆ. ಇಷ್ಟು ಸರಳವಾಗಿ ಕೆಲಸ ಮಾಡುವ ಸೌಲಭ್ಯ ನಾನು ಬೇರೆ ಕಂಡಿಲ್ಲ.

ಈಗ ಫೋನಿನಲ್ಲಿ ತಂಬೂರಿ ಹಾಕಿಕೊಂಡು, ಅದೇ ಫೋನಿನಲ್ಲಿ ವಾಯ್ಸ್ ಮೆಸೇಜ್‌ನ ಮೈಕ್ ಒತ್ತಿ ನೋಡಿ. ತಂಬೂರಿ ಟಪ್ ಅಂತ ನಿಲ್ಲುತ್ತದೆ. ರೆಕಾರ್ಡಿಂಗ್ ಶುರುವಾದರೆ ಬೇರೆ ಆ್ಯಪ್‌ನ ಶಬ್ದವನ್ನು ತಡೆಹಿಡಿಯುವುದು ಫೋನಿನ ಪದ್ಧತಿ. ಹಿಂದೆ ಸಿನಿಮಾ ಹಾಡು ಹೋಗುತ್ತಿದ್ದರೆ ಒಳ್ಳೆಯದೇ, ಮಾತು ಸ್ಪಷ್ಟವಾಗುತ್ತದೆ. ಸಂಗೀತ ಹೇಳಿಕೊಡುವವರಿಗೆ ಮಾತ್ರ ಬುಡಕ್ಕೇ ಕೊಡಲಿ. ಮೈಕ್ ಬಿಟ್ಟ ಮೇಲೆ ಕೆಲವೊಮ್ಮೆ ತಂಬೂರಿ ತಾನಾಗಿ ಮತ್ತೆ ಶುರುವಾಗುತ್ತದೆ, ಕೆಲವೊಮ್ಮೆ ಇಲ್ಲ. ಆಗ ಮತ್ತೆ ಆ್ಯಪ್ ತೆರೆ, ಒತ್ತು, ವಾಟ್ಸಾಪ್‌ಗೆ ಬಾ. ಅಷ್ಟು ಹೊತ್ತಿಗೆ ಎದುರಿಗಿರುವ ಮಕ್ಕಳು ಕಿಟಕಿಯಿಂದ ಮಳೆ ನೋಡುತ್ತಿರುತ್ತಾರೆ.

ಫೋನಿನ ರೆಕಾರ್ಡರ್‌ನಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿ, ಆಮೇಲೆ ಫೈಲ್ ಕಳಿಸಿ ಅಂತ ಒಬ್ಬರು ಹೇಳಿದರು. ಮಾಡಿದೆ. ಫೈಲ್ ದೊಡ್ಡದಾಯಿತು. ನೆಟ್‌ವರ್ಕ್ ಕಮ್ಮಿ ಇರುವ ಮನೆಗಳಲ್ಲಿ ಡೌನ್‌ಲೋಡ್ ಆಗಲಿಲ್ಲ. ಶ್ರುತಿ ಇಲ್ಲದೆಯೇ ಹಾಡಿ ಕಳಿಸಿ ಎಂದೂ ಒಬ್ಬರು ಹೇಳಿದರು. ಹಾಡಬಹುದು, ನನಗೇನೂ ಕಷ್ಟವಿಲ್ಲ. ಆದರೆ ಮಗು ಅದನ್ನು ಕೇಳಿಕೊಂಡು ಯಾವ ಷಡ್ಜಕ್ಕೆ ಸೇರಿಸಿ ಹಾಡಬೇಕು?

ಇದರ ಜೊತೆಗೆ ಮೆಸೇಜ್‌ಗಳ ಟಿಂಗ್. ಜುಲೈನಲ್ಲಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟರೆಂದರೆ ನನ್ನ ಫೋನಿಗೆ ಬಿಡುವಿಲ್ಲ. "ಮಿಸ್, ಇವತ್ತು ಕ್ಲಾಸ್ ಇದ್ಯಾ?" ಒಂದೊಂದು ಟಿಂಗ್‌ಗೂ ತಂಬೂರಿ ಒಂದು ಕ್ಷಣ ತಗ್ಗಿ ಮತ್ತೆ ಏಳುತ್ತದೆ. ಹಾಡುವ ಮಗುವೂ ಅದರ ಜೊತೆಗೇ ತಗ್ಗುತ್ತದೆ. ಡು ನಾಟ್ ಡಿಸ್ಟರ್ಬ್ ಹಾಕಬಹುದಲ್ಲ ಅನ್ನುತ್ತೀರಿ. ಬೇರೆ ಊರಲ್ಲಾದರೆ ಹಾಕುತ್ತಿದ್ದೆ. ಇಲ್ಲಿ ಮಳೆಯಲ್ಲಿ ಮಗುವನ್ನು ಕರೆದೊಯ್ಯಲು ಬರುವವರು ರಸ್ತೆ ಬಂದ್ ಆಗಿದೆ ಅಂತ ಫೋನ್ ಮಾಡಿದರೆ ನಾನು ಎತ್ತಲೇಬೇಕು. 2018ರ ಆಗಸ್ಟ್ ತಿಂಗಳ ಪ್ರವಾಹ, ಭೂಕುಸಿತ ನೋಡಿದ ಮೇಲೆ ಮಳೆಗಾಲದಲ್ಲಿ ಫೋನ್ ಸುಮ್ಮನಾಗಿಸಿ ಇಡಲು ನಮ್ಮ ಕಡೆ ಯಾರಿಗೂ ಧೈರ್ಯ ಬರುವುದಿಲ್ಲ.

ಬ್ಲೂಟೂತ್ ಸ್ಪೀಕರ್‌ದು ಇನ್ನೊಂದು ಕಿರಿಕಿರಿ. ಚಾರ್ಜ್ ಇಳಿದರೆ ಅದು ಇಂಗ್ಲಿಷಿನಲ್ಲಿ ಮಾತಾಡುತ್ತದೆ, ಅದೂ ತಂಬೂರಿಗಿಂತ ಜೋರಾಗಿ. ಒಳಗೆ ಮಗ ತನ್ನ ಫೋನಿನ ಬ್ಲೂಟೂತ್ ಆನ್ ಮಾಡಿದರೆ ವರ್ಣದ ನಡುವೆ ಕ್ರಿಕೆಟ್ ಕಾಮೆಂಟರಿ. ಹಾಡು ಕೇಳಲು ಅದು ಒಳ್ಳೆಯ ಸ್ಪೀಕರೇ. ಶ್ರುತಿಗಲ್ಲ.

ಹಳೇ ಫೋನ್ ಉಪಾಯ ಇದಕ್ಕಿಂತ ಎಷ್ಟೋ ವಾಸಿ. ಸಿಮ್ ತೆಗೆದು, ಏರೋಪ್ಲೇನ್ ಮೋಡ್ ಹಾಕಿ, ಅದರಲ್ಲಿ ತಂಬೂರಿ ಆ್ಯಪ್ ಒಂದನ್ನೇ ಇಟ್ಟೆ. ಬ್ಲೂಟೂತ್ ಬಿಟ್ಟು ವೈರಿನ ಸ್ಪೀಕರ್ ಸಿಕ್ಕಿಸಿದೆ. ಟಿಂಗ್ ಇಲ್ಲ, ಕರೆ ಇಲ್ಲ, ಹೊಸ ಫೋನ್ ರೆಕಾರ್ಡಿಂಗ್‌ಗೆ ಆರಾಮಾಗಿ ಸಿಗುತ್ತದೆ. ಒಂದು ವಿಷಯ ನೆನಪಿಡಿ. ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೆ ಆ್ಯಪ್ ತಾನಾಗಿ ನಿಂತರೆ ಆ್ಯಪ್‌ನ ತಪ್ಪಲ್ಲ, ಬ್ಯಾಟರಿ ಉಳಿಸಲು ಫೋನೇ ಅದನ್ನು ನಿಲ್ಲಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ನಿರ್ಬಂಧ ತೆಗೆದುಬಿಡಿ. ನನ್ನ ಹಳೇ ಫೋನಿಗೆ ಇದ್ದ ತೊಂದರೆ ವಯಸ್ಸು. ಬ್ಯಾಟರಿ ಒಂದು ಪಾಠಕ್ಕೂ ಸಾಲುತ್ತಿರಲಿಲ್ಲ, ಚಾರ್ಜರ್ ಸಿಕ್ಕಿಸಿಯೇ ಇಡಬೇಕು. ಸಿಕ್ಕಿಸಿದರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಬೇರೊಂದು ಶ್ರುತಿ.

ಕರೆಂಟ್ ವಿಷಯ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಗಾಳಿ ಬಂದರೆ ಕೊಂಬೆ ಲೈನಿನ ಮೇಲೆ ಬೀಳುತ್ತದೆ. ಸರಿಯಾಗುವುದು ಸಂಜೆಗೂ ಇರಬಹುದು, ನಾಳಿದ್ದಿಗೂ ಇರಬಹುದು. ಯುಪಿಎಸ್ ಮೊದಲು ಲೈಟಿಗೆ, ಆಮೇಲೆ ಇದ್ದರೆ ಉಳಿದದ್ದಕ್ಕೆ. ಬಾಕ್ಸ್‌ಗೆ ಸೆಲ್ ಹಾಕಿದರೆ ಆಯಿತು. ಅಂಗಡಿಯಲ್ಲಿ ಸಿಗುವ ಸಾಧಾರಣ ಸೆಲ್. ಫೋನಿನ ಚಾರ್ಜ್ ಉಳಿಸಿಕೊಳ್ಳಬೇಕಾದ ದಿನವೇ ಅದನ್ನು ತಂಬೂರಿ ಮಾಡಿಕೊಂಡು ಕೂರಲು ನನಗೆ ಮನಸ್ಸು ಬರುವುದಿಲ್ಲ.

ಬಾಕ್ಸ್‌ನಲ್ಲೂ ಕೊರತೆ ಇದೆ. ಮೊದಲನೆಯದು ಥಂಡಿ. ನಾಬ್ ಕೆಟ್ಟಿದ್ದು ಅದರಿಂದಲೇ. ಒಳಗಿನ ಪಟ್ಟಿಯ ಮೇಲೆ ತೇವ ಕೂತು ತಿರುಗಿಸಿದಾಗ ಕರಕರ ಅನ್ನುತ್ತದೆ. ರಿಪೇರಿ ಮಾಡಿದವರು ಹೇಳಿದ ಮೇಲೆ ಈಗ ದಿನವೂ ಒಂದು ಸಲ ಪೂರ್ತಿ ತಿರುಗಿಸಿ ಬಿಡುತ್ತೇನೆ. ರಾತ್ರಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಎರಡನೆಯದು, ಹಳೆಯ ಮಾದರಿಗಳಲ್ಲಿ ಸೆಲ್ ಇಳಿಯುತ್ತಾ ಬಂದಂತೆ ಶ್ರುತಿಯೂ ಇಳಿಯುತ್ತಿತ್ತು. ಗೊತ್ತೇ ಆಗದ ಹಾಗೆ. ಈಗಿನ ಡಿಜಿಟಲ್ ಮಾದರಿಗಳಲ್ಲಿ ಆ ಗೋಳಿಲ್ಲ. ಮೂರನೆಯದು ಭಾರ. ನಾಪೋಕ್ಲಿಗೆ ಪಾಠಕ್ಕೆ ಹೋಗುವ ದಿನ ಬಸ್ಸಿನಲ್ಲಿ ಕೊಡೆ, ಬ್ಯಾಗ್, ಬಾಕ್ಸ್ ಮೂರನ್ನೂ ಹಿಡಿದುಕೊಳ್ಳುವುದು ಒಂದು ಸಾಹಸ.

ಅಸಲಿ ತಂಬೂರಿ ಇದೆಯಲ್ಲ ಅಂತ ಕೇಳುವವರೂ ಇದ್ದಾರೆ. ಇದೆ. ಅದರ ಮುಂದೆ ಬಾಕ್ಸೂ ಇಲ್ಲ, ಆ್ಯಪೂ ಇಲ್ಲ. ಆದರೆ ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಶ್ರುತಿ ಸೇರಿಸಿ, ತಂತಿಯ ಕೆಳಗೆ ಜೀವಾಳದ ದಾರ ಕೂರಿಸಿ ಮುಗಿಸುವ ಹೊತ್ತಿಗೆ ಮಗುವಿನ ಮುಕ್ಕಾಲು ಪಾಠ ಹೋಗಿರುತ್ತದೆ. ನಮ್ಮನೆಯದು ಡಿಸೆಂಬರ್‌ನಿಂದ ಮೇವರೆಗೆ ಮಾತ್ರ ಹೊರಗೆ ಬರುತ್ತದೆ.

ಆ್ಯಪ್ ಗೆಲ್ಲುವ ಒಂದು ಜಾಗ ಇದೆ, ಅದು ಆನ್‌ಲೈನ್ ಪಾಠ. ಇಲ್ಲಿಂದ ಬೆಂಗಳೂರಿಗೆ ಓದಲು ಹೋದ ಕೆಲವು ಮಕ್ಕಳು ಪಾಠ ಬಿಟ್ಟಿಲ್ಲ. ಝೂಮ್‌ನಲ್ಲಿ ನಾನು ಬಾಕ್ಸ್ ಹಾಕಿ ಹಾಡಿದರೆ ಅವರಿಗೆ ಬಾಕ್ಸ್ ಕೇಳಿಸುವುದೇ ಇಲ್ಲ! ಒಂದೇ ಸಮ ಬರುವ ಶಬ್ದ ಅಂದರೆ ಫ್ಯಾನ್ ಸದ್ದು ಅಂತ ತಿಳಿದು ಅದು ಶ್ರುತಿಯನ್ನು ಒರೆಸಿ ಹಾಕುತ್ತದೆ. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಅನ್ನುವ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಶ್ರುತಿ ಉಳಿಯುತ್ತದೆ. ಆದರೆ ಶ್ರುತಿಯ ಜೊತೆ ನಮ್ಮ ಶೀಟಿನ ಮಳೆಯೂ ಬೆಂಗಳೂರಿಗೆ ಹೋಗುತ್ತದೆ. ಅದಕ್ಕೆ ಮಕ್ಕಳಿಗೆ ಹೇಳಿದ್ದೇನೆ, ಕ್ಲಾಸಿಗೆ ಲ್ಯಾಪ್‌ಟಾಪ್ ಇಡಿ, ನಿಮ್ಮ ಫೋನಿನಲ್ಲಿ ನೀವೇ ತಂಬೂರಿ ಹಾಕಿಕೊಳ್ಳಿ, ಇಬ್ಬರದೂ ಒಂದೇ ಮನೆ ಇರಲಿ. ಹೇಗೂ ಧ್ವನಿ ತಡವಾಗಿ ಮುಟ್ಟುವುದರಿಂದ ಒಟ್ಟಿಗೆ ಹಾಡಲು ಆಗುವುದಿಲ್ಲ. ನಾನು ಹಾಡಬೇಕು, ಅವರು ಕೇಳಿ ಹೇಳಬೇಕು. ಫ್ರೀ ಝೂಮ್ 40 ನಿಮಿಷಕ್ಕೆ ಮುಗಿಯುತ್ತದೆ. ನನಗೆ ಅಷ್ಟು ಸಾಕು. ಒಬ್ಬರೇ ಇದ್ದು ಜಾಸ್ತಿ ಹೊತ್ತು ಬೇಕಾದರೆ ಗೂಗಲ್ ಮೀಟ್.

ತಾಳದ ಆ್ಯಪ್ ಬೇಡ. ಕೈ ಇದೆ.

ದುಡ್ಡಿನ ಲೆಕ್ಕ ಹೀಗಿದೆ. ಫ್ರೀ ಆ್ಯಪ್ ಅಂತ ಶುರು ಮಾಡಿ ಸ್ಪೀಕರ್‌ಗೆ ಎರಡೂವರೆ ಸಾವಿರ, ವೈರಿನ ಸ್ಪೀಕರ್‌ಗೆ ಮತ್ತೆ ಎಂಟುನೂರು ಹೋಯಿತು. ಹಳೇ ಫೋನಿಗೆ ಬ್ಯಾಟರಿ ಹಾಕಿಸಿದ್ದರೆ ಇನ್ನೊಂದು ಸಾವಿರ. ಬಾಕ್ಸ್ ರಿಪೇರಿಗೆ ಹೋಗಿದ್ದು ಆರುನೂರು, ಕೊರಿಯರ್ ಸೇರಿ. ಅದಕ್ಕೂ ಮೊದಲು ಅದು ವರ್ಷಗಟ್ಟಲೆ ಒಂದು ರೂಪಾಯಿ ಕೇಳಿರಲಿಲ್ಲ. ಬೆಂಗಳೂರಿನ ರಾಡೆಲ್‌ನವರು 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ತಂದಾಗ ಹಿರಿಯರಲ್ಲಿ ಕೆಲವರು ಮೂಗು ಮುರಿದಿದ್ದರಂತೆ. ಈಗ ಅದನ್ನೇ ಹಳೇ ಪದ್ಧತಿ ಅಂತ ನಾನು ಹಿಡಿದುಕೊಂಡು ಕೂತಿದ್ದೇನೆ, ನೋಡಿ.

ಹೊಸದಾಗಿ ಸೇರಿದ ಮಗುವಿಗೆ ಮೊದಲ ವರ್ಷ ಬಾಕ್ಸ್ ಕೊಡಿಸಬೇಡಿ. ಆಸಕ್ತಿ ನಿಲ್ಲುತ್ತದೋ ಇಲ್ಲವೋ ನೋಡಿ. ಅಲ್ಲಿಯವರೆಗೆ ಸಿಮ್ ಇಲ್ಲದ ಹಳೇ ಫೋನ್ ಸಾಕು. ಗೀತೆ ಮುಗಿಸಿ ವರ್ಣಕ್ಕೆ ಬಂದ ಮೇಲೆ, ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟುವ ಯೋಚನೆ ಇದ್ದರೆ, ಬಾಕ್ಸ್ ತಗೊಳ್ಳಿ. ಅಂಗಡಿಯವರು ಒಂದು ಮನೆಗೆ ಹಾಕಿ ತೋರಿಸಿದರೆ ಅಲ್ಲಿಗೇ ಒಪ್ಪಬೇಡಿ. ಮಗುವಿನ ಶ್ರುತಿಗೆ ತಿರುಗಿಸಿ, ಮಧ್ಯಮಕ್ಕೂ ಹಾಕಿಸಿ, ಸೆಲ್ ಮೇಲೂ ಓಡಿಸಿ ಕೇಳಿ. ಸೆಲ್ ಹಾಕುವ ಜಾಗವೇ ಇಲ್ಲದ, ಬರೀ ಕರೆಂಟ್ ಮೇಲೆ ಓಡುವ ಮಾದರಿಯಾದರೆ ಎಷ್ಟು ಕಡಿಮೆಗೆ ಕೊಟ್ಟರೂ ಕೊಡಗಿಗೆ ತರಬೇಡಿ.