32,000 ರೂಪಾಯಿ ಕೊಟ್ಟು ಬಿಡುವುದನ್ನು ಕಲಿತೆ: ಕ್ಯಾಟ್ ಕೋಚಿಂಗ್, ಹತ್ತು ತಿಂಗಳ ನಂತರ

ಐಐಎಂನಂಥ ಮ್ಯಾನೇಜ್‌ಮೆಂಟ್ ಕಾಲೇಜುಗಳಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ ಕ್ಯಾಟ್. ಅದರ 2023ರ ಫಲಿತಾಂಶ ಡಿಸೆಂಬರ್ 21ರಂದು ಬಂತು. ಒಟ್ಟು 82 ಪರ್ಸಂಟೈಲ್, ಅಂದರೆ ಬರೆದ ನೂರರಲ್ಲಿ ಸುಮಾರು 82 ಜನ ನನಗಿಂತ ಹಿಂದೆ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಡಿಐಎಲ್‌ಆರ್, ಅಂದರೆ ಅಂಕಿಅಂಶ ಮತ್ತು ತರ್ಕದ ವಿಭಾಗ: ಬರೀ 54. ಒಂದೊಂದು ವಿಭಾಗಕ್ಕೂ ಬೇರೆ ಕಟಾಫ್ ಇರುತ್ತದಲ್ಲ, ಆ 54 ಇಟ್ಟುಕೊಂಡು ಯಾವ ಐಐಎಂ ಆಸೆಯೂ ಇರಲಿಲ್ಲ. ಅವತ್ತು ಸಂಜೆಯೇ ಮೂರು ಕೋಚಿಂಗ್‌ಗಳಿಂದ ಫೋನು. ನನ್ನ ನಂಬರ್ ಹೇಗೆ ಸಿಕ್ಕಿತೋ ಅಂದುಕೊಂಡೆ. ಉಚಿತ ಮಾಕ್ (ಮಾದರಿ ಪರೀಕ್ಷೆ) ಆಸೆಗೆ ಎಲ್ಲ ಕಡೆ ನಾನೇ ಕೊಟ್ಟಿದ್ದೆ, ಬಿಡಿ.

ಮೊದಲ ಸಲ ಯೂಟ್ಯೂಬ್ ನೋಡಿಕೊಂಡೇ ಬರೆದಿದ್ದೆ. ಈ ಸಲ ದುಡ್ಡು ಹಾಕೋಣ ಅಂತ ಮೂರು ಡೆಮೊ ಕ್ಲಾಸಿಗೆ ಹೋದೆ. ಮೂರೂ ಕಡೆಗೆ ನನ್ನ ರೆಸ್ಪಾನ್ಸ್ ಶೀಟ್ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಎರಡು ಕಡೆ ಅದನ್ನು ಬಿಡಿಸಿಯೂ ನೋಡಲಿಲ್ಲ, ಕಂತಿನ ಲೆಕ್ಕ ಹೇಳಿದರು. ಮೂರನೆಯ ಕಡೆ ಡಿಐಎಲ್‌ಆರ್ ಮೇಷ್ಟ್ರು ಹಾಳೆ ತಿರುವಿ ಒಂದೇ ಮಾತು ಕೇಳಿದರು: "ನಾಲ್ಕು ಸೆಟ್ ಇತ್ತು. ಎರಡು ಖಾಲಿ ಇವೆ. ಇದನ್ನ ಯಾಕ್ರೀ ಬಿಡಲಿಲ್ಲ?" ಸೆಟ್ ಅಂದರೆ ಒಂದೇ ಮಾಹಿತಿಯ ಮೇಲೆ ಕೇಳುವ ಪ್ರಶ್ನೆಗಳ ಗುಂಪು. ವಿಭಾಗದ 40 ನಿಮಿಷದಲ್ಲಿ 25 ನಿಮಿಷ ಅವರು ತೋರಿಸಿದ ಆ ಒಂದು ಸೆಟ್ಟೇ ತಿಂದಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲೇ ದುಡ್ಡು ಕಟ್ಟಿಬಿಟ್ಟೆ.

ಮೊದಲ ನಾಲ್ಕು ತಿಂಗಳು ಮೋಸ ಹೋದೆ ಅಂತಲೇ ಅನಿಸಿತು. ಸಂಜೆ 7:30ರ ಲೈವ್ ಕ್ಲಾಸ್ ಶುರುವಾದಾಗ ನಾನಿನ್ನೂ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ. ರೆಕಾರ್ಡಿಂಗ್ ನೋಡಿದರೆ ಗಣಿತ ಪಿಯುಸಿಯಲ್ಲಿ ಓದಿದ್ದೇ. ಇಂಗ್ಲಿಷ್ ಕ್ಲಾಸಲ್ಲಿ ಪ್ಯಾಸೇಜನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಅಷ್ಟೇ. ಆ್ಯಪ್‌ನಲ್ಲಿ ಡೌಟ್ ಹಾಕಿದರೆ ನಾಲ್ಕನೇ ದಿನಕ್ಕೆ ಉತ್ತರ. ಅಷ್ಟರಲ್ಲಿ ನಾನು ಏನು ಕೇಳಿದ್ದೆ ಅನ್ನೋದೇ ನನಗೆ ಮರೆತಿರುತ್ತಿತ್ತು. ಎರಡು ಮಾಕ್‌ಗಳಲ್ಲಿ ಉತ್ತರಗಳೇ ತಪ್ಪಿದ್ದವು. ಇದಕ್ಕೆ ಒಂದು ನಕ್ಷತ್ರಕ್ಕಿಂತ ಜಾಸ್ತಿ ಕೊಡಲಾರೆ.

ಜೂನ್‌ನಿಂದ ಭಾನುವಾರದ ಮಾಕ್ ಶುರುವಾಯಿತು. ಮನೆಯಲ್ಲೂ ಬರೆಯಬಹುದಿತ್ತು, ಆದರೆ ಆ ಮೇಷ್ಟ್ರು ಸೆಂಟರಿಗೇ ಬನ್ನಿ ಅಂದರು. ಭಾನುವಾರ ಮೆಟ್ರೊ 7ಕ್ಕೆ ಶುರು. ವಿಜಯನಗರದಲ್ಲಿ ಮೊದಲ ರೈಲು ಹಿಡಿಯುತ್ತಿದ್ದೆ. ಬ್ಯಾಗಿನಲ್ಲಿ ಆಫೀಸಿನ ಹಳೇ ಪ್ರಿಂಟ್‌ಔಟ್‌ಗಳು, ಹಿಂಬದಿ ರಫ್ ಲೆಕ್ಕಕ್ಕೆ. ಡಿಐಎಲ್‌ಆರ್ ಶುರುವಾದ ಕೂಡಲೇ ಮೇಷ್ಟ್ರು ಬಾಗಿಲಲ್ಲಿ ನಿಂತು, "ಪೆನ್ ಕೆಳಗಿಡಿ" ಅನ್ನುತ್ತಿದ್ದರು. ಮೊದಲ 6 ನಿಮಿಷ ಬರೀ ಓದಬೇಕು. ಯಾವ ಎರಡು ಸೆಟ್ ಮಾಡ್ತೀರಿ, ಯಾವುದನ್ನ ಮುಟ್ಟಲ್ಲ ಅಂತ ಹಾಳೆಯ ಮೂಲೆಯಲ್ಲಿ ಬರೆದು, ಆಮೇಲೆ ಲೆಕ್ಕಕ್ಕೆ ಇಳಿಯಬೇಕು.

ಕೇಳೋಕೆ ಸುಲಭ. ನನ್ನಿಂದ ಎರಡು ತಿಂಗಳು ಆಗಲಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ನಮಗೆ ಹೇಳಿಕೊಟ್ಟಿದ್ದು ಏನು? ಒಂದು ಪ್ರಶ್ನೆಯನ್ನೂ ಬಿಡಬೇಡಿ, ಗೊತ್ತಿಲ್ಲದಿದ್ದರೂ ಏನಾದರೂ ಬರೆದು ಬನ್ನಿ, ಅರ್ಧ ಅಂಕವಾದರೂ ಬರುತ್ತೆ. ಮನೆಯಲ್ಲಿ ಅಜ್ಜಿಯದೂ ಅದೇ ಪಾಠ, ಎಲೆಯಲ್ಲಿ ಒಂದು ಅಗುಳೂ ಬಿಡಬಾರದು. ಇಲ್ಲಿ ನೋಡಿದರೆ ತಪ್ಪಾದ ಆಯ್ಕೆಗೆ ಒಂದು ಅಂಕ ಕಳೆಯುತ್ತಾರೆ. ಉತ್ತರಕ್ಕೆ ಮುಟ್ಟದ ಅರ್ಧ ಲೆಕ್ಕಕ್ಕೆ ಏನೂ ಇಲ್ಲ.

ಮಾಕ್ ಮುಗಿದ ಮೇಲೆ ನಾವು ನಾಲ್ಕೈದು ಜನ ಪಕ್ಕದ ದರ್ಶಿನಿಗೆ. ನಿಂತುಕೊಂಡೇ ಖಾಲಿ ದೋಸೆ, ಬೈ-ಟು ಕಾಫಿ. ಚರ್ಚೆಯೆಲ್ಲ ನೀನು ಯಾವುದನ್ನ ಬಿಟ್ಟೆ, ಎಷ್ಟನೇ ನಿಮಿಷಕ್ಕೆ ಬಿಟ್ಟೆ ಅನ್ನೋದೇ. ಉತ್ತರ ಎಷ್ಟು ಬಂತು ಅಂತ ಯಾರೂ ಕೇಳುತ್ತಿರಲಿಲ್ಲ. ಒಬ್ಬ ಗೆಳೆಯ ಹಾಳೆ ಮೂಲೆಯ ಆ ಪಟ್ಟಿಗಳನ್ನು ಕತ್ತರಿಸಿ ಒಂದು ಪುಸ್ತಕಕ್ಕೆ ಅಂಟಿಸುತ್ತಿದ್ದ. ನಾನೂ ಶುರು ಮಾಡಿದೆ. ಸೆಪ್ಟೆಂಬರ್ ಹೊತ್ತಿಗೆ ತಿರುವಿ ನೋಡಿದಾಗ ಗೊತ್ತಾಯಿತು, ನಾನು ಪ್ರತಿ ಸಲ ಸಿಕ್ಕಿಬೀಳುವುದು ಆಟದ ಪಂದ್ಯಗಳ ಸೆಟ್‌ಗಳಲ್ಲಿ. ಕ್ರಿಕೆಟ್ ಹುಚ್ಚು ಜಾಸ್ತಿ, ಅದಕ್ಕೇ ಸುಲಭ ಅಂತ ಕಾಣುತ್ತಿತ್ತು!

2024ರ ಪರೀಕ್ಷೆ ನವೆಂಬರ್ 24ಕ್ಕೆ. ಡಿಐಎಲ್‌ಆರ್ ತೆರೆದರೆ ಐದು ಸೆಟ್, 22 ಪ್ರಶ್ನೆ. ನಾವು ಬರೆದಿದ್ದ ಮಾಕ್‌ಗಳೆಲ್ಲ ಹಿಂದಿನ ವರ್ಷದ ಹಾಗೆ ನಾಲ್ಕು ಸೆಟ್, 20 ಪ್ರಶ್ನೆಯವು. ಒಂದು ಕ್ಷಣ ಎದೆ ಧಸಕ್ ಅಂತು. ಆಮೇಲೆ ಪೆನ್ ಕೆಳಗಿಟ್ಟೆ. ಬಿಡೋಕೆ ಒಂದು ಜಾಸ್ತಿ ಸಿಕ್ಕಿತು, ಅಷ್ಟೇ ಅಲ್ವಾ?

ಡಿಐಎಲ್‌ಆರ್ 91, ಒಟ್ಟು 93. ಹಳೆಯ ಐಐಎಂಗಳಿಂದ ಕರೆ ಬರಲಿಲ್ಲ. ಇಂಗ್ಲಿಷ್ ವಿಭಾಗ ಎರಡೇ ಎರಡು ಪರ್ಸಂಟೈಲ್ ಏರಿದೆ, ಅದಕ್ಕೆ ಈ ಕೋಚಿಂಗ್‌ನಿಂದ ಏನೂ ಆಗಲಿಲ್ಲ.

ಸೇರುವುದಾದರೆ ಒಂದು ಮಾತು. ಬರೀ ಮಾಕ್ ಮತ್ತು ಭಾನುವಾರದ ಹಾಲ್ ಸೇರಿ 2024ರಲ್ಲಿ 6,000ಕ್ಕೆ ಕೊಡುತ್ತಿದ್ದರು. ಬ್ರೋಷರ್‌ನಲ್ಲಿ ಎಲ್ಲೂ ಹಾಕಿರಲಿಲ್ಲ, ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಬೇಕಿತ್ತು. ನನಗೆ ಇದು ಗೊತ್ತಾಗಿದ್ದು ಅಕ್ಟೋಬರ್‌ನಲ್ಲಿ, ಅದೂ ದೋಸೆ ತಿನ್ನುವಾಗ.