ಖರ್ದುಂಗ್ ಲಾಗೆ ಬಾಡಿಗೆ ಜೀಪೋ, ಭಾವನ ಗಾಡಿಯೋ?

ಲಡಾಖಿನಲ್ಲಿ ಲೇಹ್‌ನಿಂದ ನುಬ್ರಾ ಕಡೆ ಹೋಗುವ ದಾರಿಯ ಎತ್ತರದ ಘಾಟಿ ಖರ್ದುಂಗ್ ಲಾ. ಅಲ್ಲಿಗೆ ಯಾವ ಗಾಡಿ ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಭಾವನ ಹಳೇ ಡೀಸೆಲ್ ಫೋರ್ ಬೈ ಫೋರ್‌ಗೆ. ಸೀಟು ಕಲ್ಲಿನ ಹಾಗಿದೆ, ಏಸಿ ಅಷ್ಟಕ್ಕಷ್ಟೆ. ಆದರೆ ನಂಬರ್ ಪ್ಲೇಟು ಬಿಳಿ, ಅಂದರೆ ಸ್ವಂತ ಗಾಡಿ.

ಪ್ಲೇಟಿನ ಬಣ್ಣ ಯಾಕೆ ಮುಖ್ಯ ಅಂತ ಮೊದಲ ಸಲ ನನಗೂ ಗೊತ್ತಿರಲಿಲ್ಲ. ಆಗ ಮನಾಲಿಯಲ್ಲಿ ಸೆಲ್ಫ್ ಡ್ರೈವ್ ಜೀಪು ತಗೊಂಡಿದ್ದೆ. ಹೊಸ ಗಾಡಿ, ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ, ಅಂದರೆ ನಾವೇ ಓಡಿಸುವ ಬಾಡಿಗೆ ಗಾಡಿ. "ಲೇಹ್‌ವರೆಗೆ ಏನೂ ತೊಂದರೆ ಇಲ್ಲ" ಅಂದಿದ್ದ ಗಾಡಿಯವನು. ಪುಣ್ಯಾತ್ಮ ಸುಳ್ಳೇನೂ ಹೇಳಿರಲಿಲ್ಲ. ಲೇಹ್‌ನ ಹೋಟೆಲ್ ಅಂಗಳದಲ್ಲಿ ನಿಲ್ಲಿಸಿದಾಗ ಅಲ್ಲಿನ ಹುಡುಗ ಪ್ಲೇಟು ನೋಡಿ ತಲೆ ಅಲ್ಲಾಡಿಸಿದ. ಹೊರಗಿನ ಬಾಡಿಗೆ ಗಾಡಿಯನ್ನು ನುಬ್ರಾ ಕಡೆ ಬಿಡುವುದಿಲ್ಲ, ಲಡಾಖಿನ ಗಾಡಿಯೇ ಆಗಬೇಕು. ಅಲ್ಲಿನವರ ಹೊಟ್ಟೆಪಾಡು, ತಪ್ಪು ಅನ್ನಲಾರೆ. ಆದರೆ ನಾಲ್ಕು ದಿನ ಜೀಪು ಅಂಗಳದಲ್ಲಿ ಧೂಳು ತಿಂದಿತು. ಅದಕ್ಕೂ ದಿನಬಾಡಿಗೆ ಕೊಟ್ಟೆ, ಟ್ಯಾಕ್ಸಿಗೂ ಕೊಟ್ಟೆ.

ಟ್ಯಾಕ್ಸಿ ಆರಾಮ. ಆದರೆ ಸ್ಟೇರಿಂಗ್ ಬೇರೆಯವರ ಕೈಯಲ್ಲಿದ್ದರೆ ನನಗೆ ನಿದ್ದೆ ಬರುತ್ತದೆ.

ಎರಡನೇ ಸಲ, ಮೇ ತಿಂಗಳಲ್ಲಿ, ಭಾವನ ಗಾಡಿ. ಲೇಹ್‌ನಿಂದ ಘಾಟಿಯ ತುದಿಗೆ ಸುಮಾರು 40 ಕಿ.ಮೀ. ದಾರಿಯ ಸೌತ್ ಪುಲ್ಲು ಚೆಕ್‌ಪೋಸ್ಟ್ ದಾಟಿದ ಮೇಲೆ ಟಾರು ಕಿತ್ತು ಬರೀ ಕಲ್ಲು, ಕೆಸರು. ಹಿಂದೆ ಮಧ್ಯ ಏಷ್ಯಾದ ಯಾರ್ಕಂದ್‌ನ ವ್ಯಾಪಾರಿಗಳು ನುಬ್ರಾ ಹಾದು ಲೇಹ್‌ಗೆ ಇಳಿಯುತ್ತಿದ್ದ ಘಾಟಿ ಇದೇ. ಇಲ್ಲಿನ ಹಿಮದಲ್ಲಿ ಕುದುರೆಗಳಿಗೆ ಕಷ್ಟ ಅಂತ ಹೊರೆಯನ್ನು ಯಾಕ್ ಮೇಲೆ ಹೇರುತ್ತಿದ್ದರಂತೆ. ಕಷ್ಟ ಏನು ಅಂತ ನಮಗೂ ತಿಳಿಯಿತು. ನೆರಳಿದ್ದ ಒಂದು ತಿರುವಿನಲ್ಲಿ ರಾತ್ರಿಯ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಮುಂದಿದ್ದ ಕಾರು ಮೆಲ್ಲಗೆ ಹಿಂದಕ್ಕೆ ಜಾರಿತು. ಭಾವ ಪಕ್ಕದಿಂದ "ಲೋ ರೇಂಜ್ ಹಾಕು, ಬ್ರೇಕ್ ಮುಟ್ಟಬೇಡ" ಅಂದರು. ಆ ಎತ್ತರದಲ್ಲಿ, 5,359 ಮೀಟರ್ ಹತ್ತಿರ, ಎಂಜಿನ್‌ಗೂ ಗಾಳಿ ಸಾಲುವುದಿಲ್ಲ ಅಲ್ವಾ? ವೇಗ ಕಮ್ಮಿ, ಎಳೆತ ಜಾಸ್ತಿ ಇರುವ ಆ ಲೋ ರೇಂಜಿನ ಸಣ್ಣ ಗೇರೇ ಗತಿ. ಇಂಚಿಂಚೇ ಹತ್ತಿದೆವು.

ಬಾಡಿಗೆ ಜೀಪಿನಲ್ಲೂ ಲೋ ರೇಂಜ್ ಹಾಕುವ ಲಿವರ್ ಇತ್ತು. ಅಂಗಳದಲ್ಲಿ ಅದನ್ನು ಹಾಕಿ ಏನು ಮಾಡಲಿ?

ಒಂದು ಕಷ್ಟ ಇದೆ. ಬೆಂಗಳೂರಿಂದ ಒಂದು ಕಡೆಗೇ 3,000 ಕಿ.ಮೀ.ಗೂ ಜಾಸ್ತಿ, ರಜೆಯೆಲ್ಲ ದಾರಿಯಲ್ಲೇ ಕರಗುತ್ತದೆ. ಡೀಸೆಲ್ ನಾಲ್ಕು ಜನ ಹಂಚಿಕೊಂಡಿದ್ದರಿಂದ ನನ್ನ ಜೇಬಿಗೆ ಹೊರೆ ಆಗಲಿಲ್ಲ. ನಿಮಗೆ ಒಂದೇ ವಾರ ರಜೆ ಇದ್ದರೆ ವಿಮಾನದಲ್ಲಿ ಲೇಹ್‌ಗೆ ಇಳಿದು, ಎತ್ತರಕ್ಕೆ ಮೈ ಒಗ್ಗಲಿ ಅಂತ ಒಂದೆರಡು ದಿನ ಸುಮ್ನೆ ಮಲಗಿ, ಆಮೇಲೆ ಟ್ಯಾಕ್ಸಿ ಹಿಡಿಯಿರಿ.

ನಾನಂತೂ ಮುಂದಿನ ಸಲಕ್ಕೆ ಭಾವನಿಗೆ ಈಗಲೇ ಹೇಳಿಟ್ಟಿದ್ದೇನೆ, ಸೀಟಿನ ಸ್ಪಂಜು ಬದಲಾಯಿಸಿ ಅಂತ.